ಹಳಿ ಕಿತ್ತ ದಾರಿಯಲ್ಲಿ ಸೈಕಲ್ ಪ್ರವಾಸ

ರೈಲು ನಿಂತುಹೋದ ಮೇಲೆ ಅದರ ದಾರಿ ಏನಾಗುತ್ತದೆ? ಹಳಿ ಕಿತ್ತು ಮಾರುತ್ತಾರೆ. ದಿಬ್ಬದ ಮೇಲೆ ಜಾಲಿ ಬೆಳೆಯುತ್ತದೆ. ಅಕ್ಕಪಕ್ಕದ ಹೊಲದವರು ವರ್ಷಕ್ಕೊಂದು ಸಾಲು ಉತ್ತುಕೊಳ್ಳುತ್ತಾರೆ. ನಡುವೆ ಒಂದು ಮೈಲಿ ಕೈಬಿಟ್ಟರೂ ಸಾಕು, ದಾರಿ ತುಂಡಾಯಿತೆಂದೇ ತಿಳಿಯಬೇಕು. ಇದನ್ನು ತಪ್ಪಿಸಲು ಅಮೆರಿಕದವರು 1983ರಲ್ಲಿ ಕಾನೂನಿನಲ್ಲಿ ಒಂದು ಉಪಾಯ ಮಾಡಿದರು: ಮುಂದೆ ಬೇಕಾದರೆ ದಾರಿಯನ್ನು ರೈಲಿಗೇ ಹಿಂತಿರುಗಿಸತಕ್ಕದ್ದು, ಅಲ್ಲಿಯವರೆಗೆ ಜನರು ನಡೆಯಲಿ, ಸೈಕಲ್ ತುಳಿಯಲಿ.

ಮಿಸ್ಸೂರಿ ರಾಜ್ಯದ 'ಕೇಟಿ ಟ್ರೇಲ್' ಹೀಗೆ ಉಳಿದ ದಾರಿ. ಮಿಸ್ಸೂರಿ–ಕಾನ್ಸಾಸ್–ಟೆಕ್ಸಾಸ್ ರೈಲ್ವೆಯನ್ನು ಜನರು ಪ್ರೀತಿಯಿಂದ 'ಕೇಟಿ' ಎನ್ನುತ್ತಿದ್ದರು. 1986ರ ಪ್ರವಾಹದಲ್ಲಿ ಹಳಿಗಳು ಕೆಟ್ಟವು. ರೈಲು ಆ ದಾರಿ ಬಿಟ್ಟಿತು. 1990ರಲ್ಲಿ ರೋಚ್‌ಪೋರ್ಟ್ ಎಂಬ ಸಣ್ಣ ಊರಿನಲ್ಲಿ ಮೊದಲ ಭಾಗ ಸವಾರರಿಗೆ ತೆರೆಯಿತು. ಈಗ ಅದರ ಉದ್ದ ಸುಮಾರು 386 ಕಿ.ಮೀ. ಅರ್ಧಕ್ಕಿಂತ ಹೆಚ್ಚು ದೂರ ಮಿಸ್ಸೂರಿ ನದಿಯ ಮಗ್ಗುಲಲ್ಲೇ ಸಾಗುತ್ತದೆ. ದಿನಕ್ಕೆ 65 ಕಿ.ಮೀ. ತುಳಿದರೆ ಆರು ದಿನದ ಪ್ರಯಾಣ.

ರೈಲು ನದಿಯನ್ನೇಕೆ ಹಿಡಿದು ಹೋಗುತ್ತದೆ? ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರಕ್ಕೆ ಹಿಡಿತ ಕಡಿಮೆ. ಎತ್ತಿನ ಗಾಡಿ ಹತ್ತುವ ಏರನ್ನು ರೈಲು ಹತ್ತಲಾರದು. ನೂರಕ್ಕೆ ಒಂದು ಏರು, ಅಂದರೆ ನೂರು ಮೀಟರ್ ಹೋದಾಗ ಒಂದು ಮೀಟರ್ ಮೇಲೇರುವುದು ಕೂಡ ಅದಕ್ಕೆ ಭಾರವೇ. ನೀರಾದರೋ ಸಾವಿರಾರು ವರ್ಷ ಹರಿದು ಸಲೀಸಾದ ಇಳಿಜಾರನ್ನು ಮಾಡಿಕೊಂಡಿರುತ್ತದೆ. ಎಂಜಿನಿಯರು ಅದನ್ನೇ ಅನುಸರಿಸಿದ. ಸೈಕಲ್ಲಿನವನಿಗೂ ಅದೇ ಲಾಭ. ಅಲ್ಲಿ ಏರಿಗಿಂತ ಎದುರುಗಾಳಿಯೇ ದೊಡ್ಡ ತೊಂದರೆ. ಆಷಾಢದ ಗಾಳಿಯಲ್ಲಿ ಶಾಲೆಗೆ ಸೈಕಲ್ ತುಳಿಯುವ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ! ನದಿಯ ನೆರೆಹೊರೆಗೆ ಬೆಲೆಯೂ ಉಂಟು: 1993ರ ಮಹಾಪೂರ ಈ ಸೈಕಲ್ ದಾರಿಯನ್ನೂ ಹಾಳುಮಾಡಿತು, ಮತ್ತೆ ಕಟ್ಟಿದರು.

ನಮ್ಮ ಕಡೆ ಹಾಗೆ ಪಾಳುಬಿದ್ದ ದಾರಿ ಉಳಿದಿಲ್ಲ. ಬಳ್ಳಾರಿ–ರಾಯದುರ್ಗದ ಮೀಟರ್ ಗೇಜ್ ಬ್ರಾಡ್ ಗೇಜಾಯಿತು. ಕಲ್ಯಾಣದುರ್ಗ, ಪಾವಗಡ, ಮಡಕಶಿರಾಗಳ ಮೇಲೆ ತುಮಕೂರಿಗೆ ಗುರುತುಮಾಡಿದ 207 ಕಿ.ಮೀ. ದಾರಿ ರೈಲಿಗೇ ಇರಲಿ. ರೈಲು ಓಡುವ ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯಿದೆಯಂತೆ ಅಪರಾಧ. ಪೋಷಕರು ಇದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಬೇಕು.

ಆದರೆ ನದಿ ಇದೆಯಲ್ಲ! ಬಾಬಾಬುಡನ್ ಗಿರಿಯ ಕಡೆ ಹುಟ್ಟಿದ ವೇದಾವತಿ ಹಿರಿಯೂರಿನ ಬಳಿ ವಾಣಿವಿಲಾಸ ಸಾಗರವನ್ನು ತುಂಬಿ, ಚಳ್ಳಕೆರೆ ಸೀಮೆ ದಾಟಿ, ನಮ್ಮ ಭೈರವಾನಿತಿಪ್ಪ ಜಲಾಶಯಕ್ಕೆ ಬರುತ್ತದೆ. ಮುಂದೆ ಬಳ್ಳಾರಿ ಸೀಮೆಯಲ್ಲಿ ಹಗರಿ ಎನಿಸಿ ತುಂಗಭದ್ರೆಯನ್ನು ಸೇರುತ್ತದೆ. ಮೇಲೆ ನೀರು ನಿಂತರೆ ಇಲ್ಲಿ ಮರಳು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ದಡದ ಬಂಡಿಜಾಡುಗಳೂ ರೈಲುದಿಬ್ಬದ ಹಾಗೆಯೇ: ಕೇಳುವವರಿಲ್ಲದಿದ್ದರೆ ತುಂಡುತುಂಡಾಗುತ್ತವೆ.

ಅಭ್ಯಾಸ: (1) ನೂರಕ್ಕೆ ಒಂದರ ಏರಿನಲ್ಲಿ 5 ಕಿ.ಮೀ. ತುಳಿದರೆ ಎಷ್ಟು ಮೀಟರ್ ಮೇಲೇರುತ್ತೀರಿ? (2) ನಿಮ್ಮೂರಿನಿಂದ ಹೊಳೆಗೋ ಹಳ್ಳಕ್ಕೋ ಹೋಗುತ್ತಿದ್ದ ಹಳೆಯ ಜಾಡು ಯಾವುದು, ಈಗ ಎಲ್ಲಿ ಕಡಿದುಹೋಗಿದೆ? ಮನೆಯ ಹಿರಿಯರನ್ನು ಕೇಳಿ, ನಕ್ಷೆ ಬರೆದು ತನ್ನಿ.