ಪೊರೆಯೂ ಬೆಂಕಿಯೂ

ನಮ್ಮ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ವಾಚಕರು ಬಲ್ಲರು. ನಾಣ್ಯ ಹಾಕಿದೊಡನೆ ಸಿಹಿನೀರು ಕೊಡಕ್ಕಿಳಿಯುತ್ತದೆ; ಬೇರ್ಪಟ್ಟ ಉಪ್ಪುನೀರು ಮೋರಿಯ ಪಾಲಾಗುತ್ತದೆ. ಈ ಎರಡನೆಯ ನೀರಿನ ಗತಿಯೇನೆಂಬ ಪ್ರಶ್ನೆಯು ದೊಡ್ಡ ಉದ್ಯಮಗಳ ನೆಲೆಯಲ್ಲಿ ನದಿಯ ಅಳಿವು ಉಳಿವಿನ ಪ್ರಶ್ನೆಯೇ ಆಗುತ್ತದೆ. ತಮಿಳುನಾಡಿನ ತಿರುಪ್ಪೂರು ಇದಕ್ಕೆ ನಿದರ್ಶನ.

ಹತ್ತಿಯ ಬಟ್ಟೆಗೆ ಬಣ್ಣ ಹತ್ತಬೇಕಾದರೆ ಬಣ್ಣದ ನೀರಿಗೆ ಉಪ್ಪನ್ನಾಗಲಿ ಸೋಡಿಯಂ ಸಲ್ಫೇಟನ್ನಾಗಲಿ ಹೇರಳವಾಗಿ ಬೆರೆಸಬೇಕು. ಈ ಲವಣವು ಬಟ್ಟೆಯಲ್ಲಿ ನಿಲ್ಲದೆ ನೀರಿನೊಡನೆ ಹೊರಬೀಳುತ್ತದೆ. ಆ ನೀರು ಸೇರಿದುದು ಕಾವೇರಿಯ ಉಪನದಿಯಾದ ನೊಯ್ಯಲ್‌ಗೆ. ಹೊಲಗಳಿಗೆಂದು ಕಟ್ಟಿದ ಒರತ್ತುಪಾಳಯಂ ಜಲಾಶಯವು ಬಣ್ಣದ ನೀರಿನ ತೊಟ್ಟಿಯಾಯಿತು. ಕಡೆಗೆ 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಬಣ್ಣದ ಕಾರ್ಖಾನೆಗಳನ್ನು ಮುಚ್ಚಲು ಆಜ್ಞಾಪಿಸಿತು. ಒಂದು ತೊಟ್ಟು ಕೊಳೆನೀರನ್ನೂ ಹೊರಬಿಡದವರಿಗೆ ಮಾತ್ರ ಪುನಃ ಅವಕಾಶ.

ಕರಗಿದ ಲವಣವು ಬಟ್ಟೆಯಲ್ಲಿ ಸೋಸಿದರೆ ನಿಲ್ಲುವುದಿಲ್ಲ. ಅದಕ್ಕೆ ಬೇಕಾದುದು ಸೂಕ್ಷ್ಮವಾದ ಪೊರೆ. 1748ರಲ್ಲಿ ಫ್ರಾನ್ಸಿನ ನೊಲೆ ಎಂಬ ಪಾದ್ರಿಯು, ಮದ್ಯಸಾರದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಚರ್ಮವನ್ನು ಬಿಗಿದು ನೀರಿನಲ್ಲಿರಿಸಿದಾಗ, ನೀರು ತಾನಾಗಿ ಒಳನುಗ್ಗುವುದನ್ನು ಕಂಡನು. ಇದೇ ಅಭಿಸರಣ. ಒತ್ತಡ ಹೇರಿದರೆ ಗತಿ ತಿರುಗಿ, ನೀರು ಲವಣವನ್ನು ಹಿಂದೆ ಬಿಟ್ಟು ಹೊರಬರುತ್ತದೆ. ಇದಕ್ಕೆ ತಕ್ಕ ಪೊರೆಯನ್ನು 1960ರ ಸುಮಾರಿಗೆ ಕ್ಯಾಲಿಫೋರ್ನಿಯದಲ್ಲಿ ಸಿದ್ಧಪಡಿಸಿದವರು ಲೋಬ್ ಮತ್ತು ಭಾರತ ಮೂಲದ ಸೌರಿರಾಜನ್. (ಕನ್ನಡದಲ್ಲಿ ನಾಮಪದವಾದ ‘ಪೊರೆ’ ಎಂದರೆ ತೆಳುಪದರ, ಕ್ರಿಯಾಪದವಾದ ‘ಪೊರೆ’ ಎಂದರೆ ಕಾಪಾಡು. ಇಲ್ಲಿ ಎರಡೂ ಸಲ್ಲುತ್ತವೆ.)

ಹಾಗಾದರೆ ಪೊರೆಯೊಂದೇ ಸಾಲದೇ? ಲೆಕ್ಕ ನೋಡೋಣ. ಲೀಟರಿಗೆ 7 ಗ್ರಾಂ ಲವಣವಿರುವ 100 ಲೀಟರು ನೀರಿನಿಂದ 80 ಲೀಟರು ಸಿಹಿನೀರನ್ನು ತೆಗೆದರೆ, ಉಳಿದ 20 ಲೀಟರಿನಲ್ಲಿ ಲೀಟರಿಗೆ 35 ಗ್ರಾಂ ಲವಣ; ಸಮುದ್ರದ ನೀರಿನಷ್ಟೇ ಉಪ್ಪು. ಅದರ ಅಭಿಸರಣ ಒತ್ತಡವೇ ವಾಯುಮಂಡಲದ ಒತ್ತಡದ 25 ಪಟ್ಟಿಗೂ ಮಿಗಿಲು. ಇನ್ನೂ 10 ಲೀಟರು ತೆಗೆದರೆ ಆ ಒತ್ತಡ ಇಮ್ಮಡಿ. ಹೀಗೆ ಮುಂದುವರಿದಂತೆ ಪೊರೆ ಸೋಲುತ್ತದೆ.

ಬೆಂಕಿಗೆ ಈ ಮಿತಿಯಿಲ್ಲ, ಆದರೆ ಅದರ ಹಸಿವು ದೊಡ್ಡದು. ಕುದಿಯುವ 1000 ಲೀಟರು ನೀರನ್ನು ಆವಿಯಾಗಿಸಲು, ಆವಿಯ ಉಷ್ಣವನ್ನು ಮರಳಿ ಬಳಸದಿದ್ದಲ್ಲಿ, ಸುಮಾರು 600 ಯೂನಿಟ್ಟಿನಷ್ಟು ಶಕ್ತಿ ಬೇಕು. ಪೊರೆಯ ಮೂಲಕ ಸಮುದ್ರದ ನೀರಿನಿಂದ ಅಷ್ಟೇ ಸಿಹಿನೀರು ತೆಗೆಯಲು ಮೂರು ನಾಲ್ಕು ಯೂನಿಟ್ಟು ಸಾಕು. ಆದುದರಿಂದ ತೆಳುನೀರನ್ನು ಪೊರೆಗೂ ಗಟ್ಟಿನೀರನ್ನು ಬೆಂಕಿಗೂ ಒಪ್ಪಿಸುವುದೇ ವಿವೇಕ. ಪೊರೆಗೆ ಮುನ್ನ ಜೀವಾಣುಗಳಿಂದ ಕೊಳೆ ತಿನ್ನಿಸಿ, ತಿಳಿಗೊಳಿಸಿ, ಮರಳಿನಲ್ಲಿ ಸೋಸುವ ಹಳೆಯ ಕ್ರಮಗಳೂ ಅಗತ್ಯ; ಇಲ್ಲವಾದರೆ ಬೆಲೆಬಾಳುವ ಪೊರೆ ಬೇಗನೆ ಕಟ್ಟಿಕೊಳ್ಳುತ್ತದೆ. ಹೊಸದು ಬಂದೊಡನೆ ಹಳೆಯದನ್ನು ಮೂಲೆಗೆಸೆಯುವವರು ಇದನ್ನು ಗಮನಿಸಬೇಕು.

ತಿರುಪ್ಪೂರಿನ ಸಾಮೂಹಿಕ ಶುದ್ಧೀಕರಣ ಘಟಕಗಳು ಈ ಕ್ರಮದಲ್ಲಿಯೇ ನಡೆಯುತ್ತವೆ. ಸಿಹಿನೀರು ಬಣ್ಣದ ಮನೆಗೆ ಮರಳುತ್ತದೆ. ಬಾಷ್ಪಕಗಳಲ್ಲಿ ಗಟ್ಟಿಯಾದ ಲವಣವೂ ಮರಳುತ್ತದೆ. ಹಂಸಕ್ಷೀರನ್ಯಾಯವೆಂದು ನಾವು ಪಾಠ ಹೇಳುವುದು ಇಲ್ಲಿ ಯಂತ್ರದಲ್ಲಿ ನಡೆಯುತ್ತಿದೆ ಎನ್ನಬಹುದು. ಆದರೆ ಇದನ್ನು ‘ಶೂನ್ಯ ವಿಸರ್ಜನೆ’ ಎಂದು ಕರೆಯುವುದು ಶಬ್ದಾರ್ಥದಲ್ಲಿ ಪೂರ್ತಿ ಸರಿಯಲ್ಲ. ನದಿಗೆ ಹೋಗುವುದು ಶೂನ್ಯವಾದರೂ ಕೆಸರೂ, ಬಳಕೆಗೆ ಬಾರದ ಮಿಶ್ರಲವಣವೂ ಕಡೆಯಲ್ಲಿ ಉಳಿಯುತ್ತವೆ. ಅವನ್ನು ಮಳೆ ತಾಗದಂತೆ ಸೂರಿನಡಿ ಕಾಯಬೇಕು. ಮಳೆಯಲ್ಲಿ ಕರಗಿತೋ, ಮತ್ತೆ ನೊಯ್ಯಲ್‌ನ ದಾರಿ ಹಿಡಿಯುತ್ತದೆ.