ಅದೇ ಲೆಕ್ಕ, ಹೊಸ ಗುರಿ

ಬೆಂಗಳೂರಿನ ಕಟ್ಟಡಗಳಿಗೆ ಪ್ಲಂಬಿಂಗ್ ನಕ್ಷೆ ಮಾಡುವುದು ನನ್ನ ವೃತ್ತಿಯಾಗಿತ್ತು. ತಾರಸಿಗೆ ಬಿದ್ದ ಮಳೆ ಆದಷ್ಟು ಬೇಗ ಪೈಪಿಗಿಳಿದು ರಸ್ತೆಯ ಚರಂಡಿ ಸೇರಬೇಕು, ಆ ಲೆಕ್ಕದ ಗುರಿ ಅಷ್ಟೇ. ಇವತ್ತೂ ಅದೇ ಲೆಕ್ಕ ಹಾಕುತ್ತೇನೆ: ತಾರಸಿಯ ವಿಸ್ತೀರ್ಣ, ಮಳೆಯ ರಭಸ, ಪೈಪಿನ ಅಗಲ. ಆದರೆ ಈಗ ಆ ನೀರು ಮನೆಯ ಸಂಪಿಗೆ ಇಲ್ಲವೇ ಇಂಗುಬಾವಿಗೆ ಹೋಗಬೇಕು. ಪರಿಸರಕ್ಕಾಗಿ ಕೆಲಸ ಬದಲಿಸಬೇಕೆಂದು ಸಲಹೆ ಕೇಳಿ ಬರುವ ಕಿರಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಕಲಿತ ವಿದ್ಯೆಯನ್ನು ಬಿಟ್ಟು ಬರಬೇಡಿ, ಅದನ್ನೇ ಈ ಕಡೆ ತಿರುಗಿಸಿ.

ನನ್ನನ್ನು ಈ ಕಡೆ ಎಳೆದು ತಂದದ್ದು ಸಣ್ಣದೊಂದು ಗುಣಾಕಾರ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ. 1,000 ಚದರ ಅಡಿ ತಾರಸಿಗೆ ಅದು ಸುಮಾರು 90,000 ಲೀಟರ್. ಆವಿಯಾಗುವುದು, ಸೋರುವುದು, ಮೊದಲ ಮಳೆಗೆ ತೊಳೆದು ಬಿಡುವುದು ಎಲ್ಲ ಕಳೆದರೂ 75,000 ಲೀಟರ್ ಉಳಿಯುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ನಗರದ ಮಾನದಂಡ ಹಿಡಿದರೆ, ನಾಲ್ಕು ಜನರ ಮನೆಗೆ ನಾಲ್ಕು ತಿಂಗಳಿಗೂ ಮೀರಿ ಸಾಕು. ಇಷ್ಟು ನೀರನ್ನು ಚರಂಡಿಗೆ ಬಿಟ್ಟು, ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಪಂಪ್ ಮಾಡಿ ಕಾವೇರಿಯನ್ನು ಏರಿಸಿ ತರುತ್ತೇವೆ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಹಳೆಯ ನಕ್ಷೆಗಳಿಗೆ ಸಹಿ ಹಾಕಲು ಮನಸ್ಸು ಒಪ್ಪಲಿಲ್ಲ.

ಮಳೆನೀರಿನಲ್ಲೇ ಮನೆ ನಡೆಸಲು ಆಗುವುದೋ ಇಲ್ಲವೋ ಎಂಬ ಅನುಮಾನಕ್ಕೆ ಊರಲ್ಲೇ ಉತ್ತರವಿತ್ತು. ವಿಜಯನಗರದಲ್ಲಿರುವ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರ ಮನೆ 1990ರ ದಶಕದಿಂದ ಮಳೆನೀರಿನ ಮೇಲೇ ನಡೆದುಬಂದಿದೆ. ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನವಿದೆ. ಅಲ್ಲಿನ ಮಾದರಿಗಳನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಪುಸ್ತಕ ಓದಿದ್ದಕ್ಕಿಂತ ಹೆಚ್ಚಾಗಿ, ಕೆಲಸ ಮಾಡುತ್ತಿರುವ ಫಿಲ್ಟರನ್ನು ಬಿಚ್ಚಿ ನೋಡಿದ್ದರಿಂದ ನನಗೆ ಧೈರ್ಯ ಬಂತು.

ಮಣ್ಣಿನ ಪಾಠ ಹೇಳಿಕೊಟ್ಟವರು ಭೋವಿ ಸಮುದಾಯದ ಬಾವಿ ತೋಡುವವರು. ಇಂಗುಬಾವಿಗೆಂದು ತೋಡುತ್ತಿದ್ದ ಮೂರಡಿ ಅಗಲದ ಗುಂಡಿಯೊಳಗಿದ್ದ ಹಿರಿಯರೊಬ್ಬರು ಬುಟ್ಟಿಯಲ್ಲಿ ಮಣ್ಣು ಮೇಲೆ ಕಳಿಸುವ ಮೊದಲು ಪ್ರತಿ ಸಲವೂ ಒಂದು ಹಿಡಿ ಎತ್ತಿ ಮುಷ್ಟಿಯಲ್ಲಿ ಹಿಂಡುತ್ತಿದ್ದರು. ಕೆಂಪು ಜೇಡಿ ಉಂಡೆಯಾಗಿ ಅಂಗೈಗೆ ಅಂಟುತ್ತಿತ್ತು. ನನ್ನ ನಕ್ಷೆಯ ಆಳ ಮುಟ್ಟಿತ್ತು. "ಸಾಕಲ್ವಾ ಯಜಮಾನ್ರೇ?" ಎಂದೆ. "ಇನ್ನೆರಡು ರಿಂಗು ಇಳಿಸೋಣ ಸಾರ್. ಗರಸು ಸಿಕ್ಕಿದ ಮೇಲೇನೇ ಬಾವಿ ನೀರು ಕುಡಿಯೋದು" ಎಂದರು. ಕೆಳಗೆ ಹೋದಂತೆ ಮಣ್ಣು ಹಿಡಿಗೆ ನಿಲ್ಲದೆ ಉದುರತೊಡಗಿತು. ಒಂದು ಕೊಡ ನೀರು ಸುರಿಸಿದರು. ನೋಡುತ್ತಿದ್ದಂತೆ ಇಂಗಿತು. ಬಾವಿಗೆ ಇಳಿಸುವ ಕಾಂಕ್ರೀಟ್ ರಿಂಗುಗಳ ಸಂದಿಗೆ ಸಿಮೆಂಟ್ ಮೆತ್ತದೆ, ತಳವನ್ನು ಹಾಗೇ ಬಿಡುವುದೇಕೆಂದು ಅಲ್ಲಿ ಕಣ್ಣಾರೆ ಕಂಡೆ. ಈಗ ನನ್ನ ನಕ್ಷೆಯಲ್ಲಿ ಆಳದ ಜಾಗ ಖಾಲಿ. ತೋಡುವವರು ಮಣ್ಣು ನೋಡಿ ಹೇಳಿದ ಮೇಲೆ ಅದನ್ನು ತುಂಬುತ್ತೇನೆ. ಅವರ ತಿಳಿವಿಗೆ ತಕ್ಕ ಕೂಲಿಯನ್ನೂ ಅಂದಾಜುಪಟ್ಟಿಯಲ್ಲಿ ಮೊದಲೇ ಬರೆಯುತ್ತೇನೆ.

ಹಣದ ಮಾತು ಆಡಲೇಬೇಕು. ಮನೆಸಾಲ ತೀರುವವರೆಗೂ ಹಳೆಯ ಕೆಲಸ ಬಿಡಲಿಲ್ಲ. ಆಮೇಲೂ ಸ್ವಲ್ಪ ಕಾಲ ಎರಡೂ ಕಡೆ ದುಡಿದೆ. ವರಮಾನ ಇಳಿಯುವ ಮೊದಲೇ ಖರ್ಚು ಇಳಿಸುವುದನ್ನು ಮನೆಯವರೆಲ್ಲ ಕೂತು ತೀರ್ಮಾನಿಸಿದ್ದರಿಂದ ಈ ದಾರಿ ಯಾರಿಗೂ ಭಾರವಾಗಲಿಲ್ಲ. ನೀರಿನ ಖರ್ಚನ್ನೂ ಹಾಗೇ ಇಳಿಸಿದೆವು: ವಾಷಿಂಗ್ ಮಷೀನಿನ ಕೊನೆಯ ನೀರು ನೆಲ ಒರೆಸಲು, ಅಕ್ಕಿ ತೊಳೆದ ನೀರು ಗಿಡಗಳಿಗೆ, ವಾರಕ್ಕೊಮ್ಮೆ ಮೀಟರ್ ನೋಡಿ ಬರೆಯುವುದು ಮಗಳ ಪಾಲಿಗೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಜನ ಕಾದಾಗ, ಜಲಮಂಡಳಿ ದೊಡ್ಡ ಕಟ್ಟಡಗಳ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಕಡ್ಡಾಯ ಮಾಡಿತು. ನಮ್ಮ ಮನೆಗೆ ನೀರಿನ ಮಿತಬಳಕೆ ಆಗಲೇ ರೂಢಿಯಾಗಿತ್ತು.

ಎಲ್ಲಕ್ಕಿಂತ ದೊಡ್ಡ ಪಾಠ ನಿರ್ವಹಣೆಯದು. 2009ರಲ್ಲೇ ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಗುಂಡಿಗಳೂ ಆದವು. ಆದರೆ ತರಗೆಲೆ ಕಟ್ಟಿಕೊಂಡ ಫಿಲ್ಟರ್, ಹೂಳು ತುಂಬಿದ ಬಾವಿ ನೀರನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಕೆಲಸ ಒಪ್ಪಿಕೊಳ್ಳುವ ಮೊದಲೇ ಕೇಳುತ್ತೇನೆ: ತಾರಸಿ ಗುಡಿಸುವವರು ಯಾರು, ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವ ವಾಲ್ವ್ ತಿರುಗಿಸುವವರು ಯಾರು? ಹೆಸರು ಹೇಳಿದರೆ ಮಾತ್ರ ಮುಂದಿನ ಮಾತು. ಮನೆಯ ಕೆಲಸದವರ ತಲೆಗೆ ಕಟ್ಟಿ ಮರೆಯುವವರಿಗೆ, ಅದಕ್ಕೂ ಸಂಬಳ ಸೇರಿಸಿ ಎನ್ನುತ್ತೇನೆ.

ಬದುಕನ್ನು ಒಮ್ಮೆಗೇ ಬದಲಿಸುವ ಸಂಕಲ್ಪ ಬೇಡ. ಮುಂಗಾರಿಗೆ ಮುಂಚೆ ತಾರಸಿ ಹತ್ತಿ, ನಿಮ್ಮ ಮನೆಯ ಮಳೆಪೈಪು ಎಲ್ಲಿಗೆ ಹೋಗಿ ಸೇರುತ್ತದೆಂದು ನೋಡಿ. ನಿಮ್ಮ ಕಸುಬಿಗೂ ಹೀಗೊಂದು ಪೈಪು ಇರುತ್ತದೆ. ಲೆಕ್ಕಪತ್ರ ಬರೆಯುವವರಿಗೆ, ಪಾಠ ಹೇಳುವವರಿಗೆ, ಅಡುಗೆ ಮಾಡುವವರಿಗೆ ಅದು ಬೇರೆ ಬೇರೆ ಕಡೆ ಸಿಗುತ್ತದೆ. ಸಿಕ್ಕ ಕಡೆಯಿಂದಲೇ ತಿರುಗಿಸಲು ಶುರುಮಾಡಿ.