ಕೈಗೆಟುಕುವಂತಿರಲಿ ಕಾಂಡೋಮ್

ಉತ್ತರ ಕರ್ನಾಟಕದ ಹೆದ್ದಾರಿ ಊರುಗಳಲ್ಲಿ ಲೈಂಗಿಕ ಕಾರ್ಯಕರ್ತೆಯರು ಮತ್ತು ಲಾರಿ ಚಾಲಕರ ನಡುವೆ ಎಚ್‌ಐವಿ ಹಾಗೂ ಲೈಂಗಿಕ ಸೋಂಕು ತಡೆಯುವ ಕೆಲಸ ಮಾಡಿಕೊಂಡು ಬಂದವಳು ನಾನು. ಫೀಲ್ಡಿಗೆ ಹೊಸದಾಗಿ ಇಳಿಯುವ ಹುಡುಗ ಹುಡುಗಿಯರಿಗೆ ಹೇಳುತ್ತಾ ಬಂದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

1. ಎಷ್ಟು ಬೇಕೆಂದು ಅವಳನ್ನೇ ಕೇಳಿ

ಕಾಂಡೋಮನ್ನು ತಲೆಗಿಷ್ಟು ಎಂದು ಸಮನಾಗಿ ಹಂಚಿದರೆ ರಿಜಿಸ್ಟರ್ ತುಂಬುತ್ತದೆ, ಸೋಂಕು ನಿಲ್ಲುವುದಿಲ್ಲ. ದಿನಕ್ಕೆ ಮೂರು ಗಿರಾಕಿ, ವಾರಕ್ಕೆ ಐದು ದಿನ ಎಂದು ಒಬ್ಬಾಕೆ ಹೇಳಿದರೆ ತಿಂಗಳಿಗೆ 60 ಆಯಿತು. ಹರಿದದ್ದು, ಗೆಳತಿಗೆ ಕೊಟ್ಟದ್ದು ಎಂದು ಇನ್ನೊಂದು ಹತ್ತು ಸೇರಿಸಿ. ಅವಳ ಕೈಗೆ 30 ಇಟ್ಟು ಬಂದರೆ ಉಳಿದ ಅರ್ಧ ತಿಂಗಳನ್ನು ಅವಳು ಅಪಾಯದಲ್ಲೇ ಕಳೆಯಬೇಕು. ಜಾತ್ರೆ ಬಂದಾಗ, ಕಬ್ಬು ಕಡಿಯುವ ಗ್ಯಾಂಗುಗಳು ಇಳಿದಾಗ ಲೆಕ್ಕ ಏರುತ್ತದೆ. ಈ ಲೆಕ್ಕವನ್ನು ಸರಿಯಾಗಿ ಹಾಕಬಲ್ಲವರು ಪಿಯರ್‌ಗಳು, ಅಂದರೆ ನಮ್ಮ ಜೊತೆ ಕೆಲಸ ಮಾಡುವ ಲೈಂಗಿಕ ಕಾರ್ಯಕರ್ತೆಯರೇ. ಅದೇ ಬದುಕು ಬಾಳಿದವರ ಮುಂದೆ ಯಾರೂ ಸುಳ್ಳು ಸಂಖ್ಯೆ ಹೇಳುವುದಿಲ್ಲ.

2. ಪೆಟ್ಟಿಗೆಯ ಎದುರು ಯಾರೂ ಕೂತಿರಬಾರದು

ಆರೋಗ್ಯ ಕೇಂದ್ರದ ಔಷಧಿ ಕಿಟಕಿಯಲ್ಲಿ ಸರ್ಕಾರದ ಪುಕ್ಕಟೆ ಕಾಂಡೋಮ್ ನಿರೋಧ್ ಇರುತ್ತದೆ. ಆದರೆ ಕಿಟಕಿಯಾಚೆ ಕೂತವರು ಪರಿಚಯದವರು. ಕೇಳಲು ಯಾವ ಹುಡುಗನಿಗೆ ಬಾಯಿ ಬಂದೀತು? ಒಂದು ಢಾಬಾದಲ್ಲಿ ನಮ್ಮ ಕಾಂಡೋಮ್ ಪೆಟ್ಟಿಗೆ ಗಲ್ಲೆಯ ಪಕ್ಕದಲ್ಲಿತ್ತು, ಮೇಲೆ ಧೂಳು ಕೂತಿತ್ತು. ಅದನ್ನೇ ಕಿತ್ತು, ಚಾಲಕರು ಸ್ನಾನ ಮಾಡುವ ನೀರಿನ ತೊಟ್ಟಿಯ ಹಿಂದೆ, ನೆರಳಿರುವ ಗೋಡೆಗೆ ಮೊಳೆ ಹೊಡೆದೆವು. ಅಲ್ಲಿ ಟವೆಲ್ ಹೊದ್ದು ನಿಂತವನು ಕೈ ಚಾಚಿದರೆ ನೋಡುವವರಿಲ್ಲ. ಕೆಲವೇ ದಿನದಲ್ಲಿ ಮಾಲೀಕರ ಫೋನ್ ಬಂತು: ‘ಅಕ್ಕಾರ, ಎಲ್ಲಾ ಮುಗದಾವ್ರೀ, ಮತ್ತ ತಂದು ಹಾಕ್ರಿ.’ ಶೌಚಾಲಯದ ಬಾಗಿಲಿನ ಒಳಬದಿ, ಪಂಕ್ಚರ್ ಅಂಗಡಿ, ಕ್ಷೌರದಂಗಡಿ ಕೂಡ ಒಳ್ಳೆಯ ಜಾಗಗಳೇ. ಮಕ್ಕಳು ಊದಿ ಆಡುತ್ತಾರೆ ಎಂದು ದೂರು ಬಂದರೆ ಪೆಟ್ಟಿಗೆಯನ್ನು ಎತ್ತರಕ್ಕೆ ಏರಿಸಿ, ತೆಗೆದುಬಿಡಬೇಡಿ.

3. ‘ನನಗ ಆಪರೇಷನ್ ಆಗೇತಿ’ ಎಂಬ ಮಾತಿಗೆ ಸಿದ್ಧರಾಗಿರಿ

ನಮ್ಮ ದೇಶದಲ್ಲಿ ನಿರೋಧ್ 1968ರಲ್ಲಿ ಬಂದದ್ದೇ ಕುಟುಂಬ ಯೋಜನೆಯ ಸಾಧನವಾಗಿ. ಆ ಗುರುತು ಇನ್ನೂ ಅಳಿಸಿಲ್ಲ. ಎರಡು ಮಕ್ಕಳಾದ ಮೇಲೆ ಚಿಕ್ಕ ವಯಸ್ಸಿನಲ್ಲೇ ಆಪರೇಷನ್ ಮಾಡಿಸಿಕೊಂಡ ಹೆಂಗಸರು ನಮ್ಮಲ್ಲಿ ಬಹಳ. ಅವರು ಮನಸಾರೆ ಕೇಳುತ್ತಾರೆ: ಇನ್ನು ಬಸಿರಿನ ಭಯವಿಲ್ಲ, ಇದು ಯಾಕೆ? ಆಪರೇಷನ್ ಮಾಡಿಸಿದ ಇಲಾಖೆ ಅವರಿಗೆ ಸೋಂಕಿನ ಬಗ್ಗೆ ಒಂದು ಮಾತೂ ಹೇಳದೆ ಮನೆಗೆ ಕಳಿಸಿರುತ್ತದೆ. ಗರ್ಭ ತಡೆಯುವುದು ಬೇರೆ, ಸಿಫಿಲಿಸ್ ತಡೆಯುವುದು ಬೇರೆ ಎಂದು ಕೂತು ಬಿಡಿಸಿ ಹೇಳಿ. ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕೊಡುವುದು ಇದಕ್ಕೇ.

4. ಮಾಡಿ ತೋರಿಸಿ, ಅವರಿಂದಲೂ ಮಾಡಿಸಿ

ಕಾಂಡೋಮ್ ಹಾಕುವುದನ್ನು ಕಲಿಸಲು ಮರದ ಮಾಡೆಲ್ ಕೈಗೆ ಕೊಡಿ. ತಾರೀಖು ನೋಡಲಿ. ಹಲ್ಲು ಹಚ್ಚದೆ ಪ್ಯಾಕೆಟ್ಟನ್ನು ಅಂಚಿನಿಂದ ಹರಿಯಲಿ. ತುದಿಯನ್ನು ಬೆರಳಲ್ಲಿ ಒತ್ತಿ ಗಾಳಿ ತೆಗೆದು ಬುಡದವರೆಗೆ ಬಿಡಿಸಲಿ. ತಿರುಗುಮುರುಗಾಗಿ ಹಾಕಿದ್ದರೆ ಅದನ್ನು ಬಿಸಾಡಿ ಹೊಸದು ತೆಗೆಯಲಿ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಬೇಡವೇ ಬೇಡ, ಅವು ರಬ್ಬರನ್ನು ಕೆಡಿಸುತ್ತವೆ. ನೀರಿನ ಅಂಶದ ಜೆಲ್ ಕೊಡಿ. ಒಂದರ ಮೇಲೊಂದು ಎರಡು ಹಾಕಿದರೆ ರಕ್ಷಣೆ ಹೆಚ್ಚುವುದಿಲ್ಲ.

5. ಪೊಲೀಸರ ಭಯ ಹೋಗದೆ ಪರ್ಸಿನಲ್ಲಿ ಕಾಂಡೋಮ್ ಉಳಿಯದು

ಬ್ಯಾಗಿನಲ್ಲಿ ನಾಲ್ಕು ಸಿಕ್ಕರೆ ಅದೇ ಸಾಕ್ಷಿ ಎಂದು ಠಾಣೆಗೆ ಎಳೆದೊಯ್ದ ಕಾಲ ಇತ್ತು. ಆಗ ಹೆಂಗಸರು ಖಾಲಿ ಕೈಯಲ್ಲಿ ಹೊರಡುತ್ತಿದ್ದರು. 2022ರ ಮೇ ತಿಂಗಳಲ್ಲಿ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಲ್ಲಿ, ಆರೋಗ್ಯಕ್ಕಾಗಿ ಕಾಂಡೋಮ್ ಬಳಸುವುದನ್ನು ಅಪರಾಧವೆಂದಾಗಲಿ ಸಾಕ್ಷ್ಯವೆಂದಾಗಲಿ ನೋಡಬಾರದು ಎಂದಿದೆ. ಅದರ ಒಂದು ಪ್ರತಿ ಪಿಯರ್‌ಗಳ ಹತ್ತಿರ ಇರಲಿ. ಹೊಸ ಸಬ್‌ಇನ್‌ಸ್ಪೆಕ್ಟರ್ ಬಂದಾಗಲೆಲ್ಲ ಹೋಗಿ ಮಾತಾಡಿ ಬನ್ನಿ.

6. ಮನೆಯವನನ್ನು ಬಿಡಬೇಡಿ

ಗಿರಾಕಿಯ ಹತ್ತಿರ ಗಟ್ಟಿಯಾಗಿ ನಿಲ್ಲುವವಳೂ ಗಂಡನ ಹತ್ತಿರ, ಗಂಡನಂತೆ ಇರುವವನ ಹತ್ತಿರ ಕಾಂಡೋಮ್ ಮಾತೆತ್ತುವುದಿಲ್ಲ. ಎತ್ತಿದರೆ ಸಂಶಯ, ಏಟು. ಅವಳಿಗೇ ಮತ್ತೆ ಮತ್ತೆ ಹೇಳುವುದು ಅನ್ಯಾಯ. ಆ ಗಂಡಸಿನ ಜೊತೆ ನೀವೇ ಕೂತು ಮಾತಾಡಬೇಕು, ಅವಳು ಒಪ್ಪಿದರೆ ಮಾತ್ರ.

7. ಬಿಸಿಲಿನಿಂದ ಕಾಪಾಡಿ

ತಗಡಿನ ಶೆಡ್ಡಿನಲ್ಲಿ ಕಲಬುರಗಿಯ ಏಪ್ರಿಲ್ ಕಳೆದ ಪೆಟ್ಟಿಗೆಯನ್ನು ಹಂಚಬೇಡಿ. ಹಳೆಯ ಸ್ಟಾಕ್ ಮೊದಲು ಹೊರಗೆ ಹೋಗಲಿ. ಪುಕ್ಕಟೆ ಮಾಲು ಕಳಪೆ ಎನ್ನುವವರಿಗೆ ಹೇಳಿ: ನಿರೋಧ್ ತಯಾರಿಸುವ ಎಚ್‌ಎಲ್‌ಎಲ್ ಕಂಪನಿಯೇ ಅಂಗಡಿಯಲ್ಲಿ ಮಾರುವ ಮೂಡ್ಸ್ ಕಾಂಡೋಮನ್ನೂ ಮಾಡುತ್ತದೆ.

8. ಕಾಂಡೋಮ್ ಕೊಟ್ಟವರೇ ಕ್ಲಿನಿಕ್ಕಿನ ದಾರಿಯನ್ನೂ ತೋರಿಸಬೇಕು

ಎಚ್‌ಐವಿ, ಗೊನೊರಿಯಾ ತಡೆಯುವಲ್ಲಿ ಕಾಂಡೋಮ್ ಬಹಳ ಗಟ್ಟಿ. ಸಿಫಿಲಿಸ್, ಹರ್ಪಿಸ್ ಹುಣ್ಣು ಅದು ಮುಚ್ಚದ ಜಾಗದಲ್ಲಿದ್ದರೆ ಚರ್ಮದಿಂದ ಚರ್ಮಕ್ಕೆ ದಾಟಬಹುದು. ಇದನ್ನು ಮುಚ್ಚಿಡಬೇಡಿ. ಬಿಳಿಸೆರಗು, ಉರಿಮೂತ್ರ, ಹುಣ್ಣು ಕಂಡರೆ ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿಗೆ ಜೊತೆಗೆ ಹೋಗಿ. ಮಾತ್ರೆ ಅಲ್ಲಿ ಉಚಿತ. ಲಕ್ಷಣ ಇಲ್ಲದಿದ್ದರೂ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಲಿ. ಕಾಂಡೋಮ್ ಹರಿದು ಎಚ್‌ಐವಿ ಭಯವಿದ್ದರೆ 72 ಗಂಟೆಯೊಳಗೆ, ಆದಷ್ಟು ಬೇಗ ವೈದ್ಯರನ್ನು ಕಾಣಬೇಕು. ಇನ್ನು ಕ್ಲಿನಿಕ್ಕಿನಲ್ಲಿ ಲೈಂಗಿಕ ಸೋಂಕಿಗೆ ಕೊಟ್ಟ ಮಾತ್ರೆಯನ್ನು ಅವಳೊಬ್ಬಳೇ ನುಂಗಿ ಜೊತೆಗಾರ ನುಂಗದಿದ್ದರೆ ಅದೇ ಸೋಂಕು ಅವನಿಂದ ಮತ್ತೆ ಬರುತ್ತದೆ. ಆದ್ದರಿಂದ ಇಬ್ಬರಿಗೂ ಮಾತ್ರೆ ಕೇಳಿ ತನ್ನಿ, ಮುಗಿಯುವವರೆಗೆ ವಿಚಾರಿಸುತ್ತಿರಿ.